ಡೆಂಟ್ ತೆಗೆಯುವವನ ಮಗಳು

ನನ್ನ ಕಸುಬು ಗುದ್ದಿಸಿಕೊಂಡು ಬಂದ ಕಾರುಗಳ ಡೆಂಟ್ ತೆಗೆಯುವುದು. ಮೂವತ್ತೆರಡು ವರ್ಷದಿಂದ ಅದೊಂದನ್ನೇ ಮಾಡಿದ್ದೇನೆ. ಈ ಬೀದಿಯಲ್ಲಿ ಇನ್ನೂ ಐದು ಶೆಡ್ಡುಗಳಿವೆ, ಐವರೂ ಕೈಲಾಗದೆ ಬಿಟ್ಟ ಕಾರಿನ ಬಾಗಿಲು ಕೊನೆಗೆ ನನ್ನ ಹತ್ತಿರವೇ ಬರುತ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಕೊಚ್ಚಿಕೊಳ್ಳುವುದಿಲ್ಲ. ಕೈ ಇನ್ನೂ ಗಟ್ಟಿಯಾಗಿಯೇ ಇದೆ, ಬಾಯಿ ಮಾತ್ರ ಬಿದ್ದುಹೋಗಿದೆ.

ತಗಡಿನ ಮೇಲಿನ ಸಣ್ಣ ಗುಳಿ ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಲೈಟನ್ನು ಕೈಯಲ್ಲಿ ಹಿಡಿದು ಪಕ್ಕದಿಂದ, ತಗಡಿಗೆ ಸವರಿದ ಹಾಗೆ ಓಡಿಸಬೇಕು. ಆಗ ಒಂದೊಂದು ಗುಳಿಯಲ್ಲೂ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು, ಯಾವುದೋ ಕಾರಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಕೂತು ಮನೆಪಾಠ ಬರೆಯುತ್ತಿದ್ದ ನನ್ನ ಮಗಳು ಇದನ್ನೆಲ್ಲ ನೋಡುತ್ತ ಬೆಳೆದಳು. ದೊಡ್ಡವಳಾದ ಮೇಲೆ ಈ ವಿದ್ಯೆಯನ್ನು ತನಗೇ ಬಳಸಿಕೊಂಡಳು. ಎಲ್ಲಿ ಹೋದರೂ ಕಿಟಕಿಗೆ ಎದುರಾಗಿಯೇ ಕೂರುತ್ತಾಳೆ. ಕಿಟಕಿ ಪಕ್ಕಕ್ಕೆ ಬರುವ ಕುರ್ಚಿ ಅವಳಿಗೆ ಬೇಡ. ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬರುತ್ತಾಳೆ.

ಅವಳ ಎರಡೂ ಕೆನ್ನೆಗಳ ಮೇಲೆ ಮೊಡವೆ ಬಿಟ್ಟುಹೋದ ಗುಳಿಗಳಿವೆ. ಹದಿನೈದನೆಯ ವಯಸ್ಸಿಗೆ ಶುರುವಾದ ಮೊಡವೆ ಇಪ್ಪತ್ತಾರಾದರೂ ಪೂರ್ತಿ ನಿಂತಿರಲಿಲ್ಲ. ಹಳೆಯವು ಗುಳಿಯಾಗಿ ಕೂತಿದ್ದವು, ದವಡೆಯ ಅಂಚಿನಲ್ಲಿ ಹೊಸವು ಏಳುತ್ತಲೇ ಇದ್ದವು. ಅವಳದು ಒಂದು ಕಂಪನಿಯ ಗಿರಾಕಿಗಳ ದೂರಿಗೆ ಫೋನಿನಲ್ಲಿ ಉತ್ತರ ಕೊಡುವ ಕೆಲಸ. ಬೆಂಕಿ ಉಗುಳುತ್ತ ಫೋನ್ ಮಾಡಿದವರು ಇವಳ ಮಾತು ಕೇಳಿ ಥ್ಯಾಂಕ್ಸ್ ಹೇಳಿ ಇಡುತ್ತಾರಂತೆ. ಅಂಥ ದನಿ. "ನನ್ನ ದನಿಗೆ ಮುಖ ಇಲ್ಲ ಅಪ್ಪ, ಅದಕ್ಕೇ ಅದು ಅಷ್ಟು ಧೈರ್ಯವಾಗಿದೆ" ಎಂದು ಒಮ್ಮೆ ನಗುತ್ತ ಹೇಳಿದ್ದಳು. ನಾನೂ ನಕ್ಕಿದ್ದೆ. ಅದು ನಗುವ ಮಾತಾಗಿರಲಿಲ್ಲ.

ಒಂದು ದಿನ ತಾನೇ ಬಂದು, ಚರ್ಮದ ಡಾಕ್ಟರ ಹತ್ತಿರ ಹೋಗುತ್ತೇನೆ, ಜೊತೆಗೆ ಬಾ ಎಂದಳು. ಅವಳ ಅಮ್ಮನನ್ನು ಬಿಟ್ಟು ನನ್ನನ್ನು ಕರೆದದ್ದಕ್ಕೆ ನಾನು ಹಿಗ್ಗಿ ಹೀರೇಕಾಯಿ ಆದೆ. "ಗುಳಿ ವಿಷಯ ಅಲ್ವಾ ಅಪ್ಪ, ನಿನಗೆ ಬೇಗ ಅರ್ಥ ಆಗುತ್ತೆ" ಎಂದಳು.

ಡಾಕ್ಟರು ಅರವತ್ತು ದಾಟಿದ ಹೆಂಗಸು. ಹೆಚ್ಚು ಮಾತಿಲ್ಲ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕೋಣೆಯ ದೀಪ ಆರಿಸಿ, ಕೈಯಲ್ಲೊಂದು ಸಣ್ಣ ಲೈಟು ಹಿಡಿದು ಅವಳ ಕೆನ್ನೆಯ ಪಕ್ಕದಿಂದ ಓಡಿಸಿದರು. ನನಗೆ ಮೈ ಜುಂ ಎಂದಿತು. ಈಯಮ್ಮ ನಮ್ಮ ಜಾತಿಯವರೇ ಎಂದುಕೊಂಡೆ. ಮಗಳು ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು.

"ಮೂರು ತರದವು ಇವೆ" ಎಂದರು ಡಾಕ್ಟರು. "ಇವು ದಬ್ಬಳದಲ್ಲಿ ಚುಚ್ಚಿದ ಹಾಗೆ ಸಣ್ಣಗೆ, ಆಳವಾಗಿವೆ. ಇವಕ್ಕೆ ಕಡ್ಡಿ ತುದಿಯಲ್ಲಿ ಒಂದೊಂದೇ ಹನಿ ಆಸಿಡ್ ಗುಳಿಯ ಒಳಗೆ ಮಾತ್ರ ಮುಟ್ಟಿಸ್ತೀವಿ. ಇವು ಅಗಲವಾಗಿ, ಅಂಚು ನೆಟ್ಟಗಿರೋವು. ಇಲ್ಲಿ, ಕೆಳಗಡೆ ಅಲೆ ಅಲೆಯಾಗಿ ಇದೆಯಲ್ಲ, ಇದು ಮೇಲಿನ ಸಮಸ್ಯೆ ಅಲ್ಲ. ಚರ್ಮದ ಅಡಿಯಲ್ಲಿ ನಾರು ಬೆಳೆದು ಕೆಳಕ್ಕೆ ಎಳೆದು ಹಿಡಿದಿದೆ. ಸೂಜಿ ಒಳಗೆ ಬಿಟ್ಟು ಆ ನಾರು ಕತ್ತರಿಸಬೇಕು. ಆಮೇಲೆ ಮೇಲ್ಮೈಗೆ ಸಣ್ಣ ಸೂಜಿಗಳದ್ದೋ ಲೇಸರಿನದ್ದೋ ನೋಡೋಣ. ಎಲ್ಲಕ್ಕಿಂತ ಮುಂಚೆ ಹೊಸ ಮೊಡವೆ ನಿಲ್ಲಬೇಕು. ಅದಕ್ಕೆ ಮಾತ್ರೆ ಕೊಡ್ತೀನಿ."

"ಎಷ್ಟು ದಿನ ಆಗುತ್ತೆ ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಒಂದು ವರ್ಷ. ಇನ್ನೂ ಜಾಸ್ತಿ ಆಗಬಹುದು. ಪೂರ್ತಿ ಹೋಗಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋದರೆ ಚೆನ್ನಾಗಾಯ್ತು ಅಂತ ಲೆಕ್ಕ."

ಅರ್ಧ ಡೆಂಟ್ ತೆಗೆದು ಕಾರು ಕೊಟ್ಟರೆ ನಮ್ಮಲ್ಲಿ ಗಿರಾಕಿ ಸುತ್ತಿಗೆಯನ್ನು ನಮ್ಮ ತಲೆಗೇ ಬೀಸುತ್ತಾನೆ ಎಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಡಾಕ್ಟರು ಬರೆದುಕೊಳ್ಳುತ್ತ ತಲೆಯೆತ್ತದೆ ಮಗಳನ್ನು ಕೇಳಿದರು.

"ಮೊಡವೆ ಹಿಂಡ್ತಿದ್ರಾ?"

ಮಗಳು ಕಣ್ಣು ತೆರೆದಳು. "ಹೌದು. ನಾನೇ ಹಿಂಡ್ಕೋತಿದ್ದೆ" ಎಂದಳು.

ಅದು ಸುಳ್ಳು. ಹಿಂಡಿದ್ದು ನಾನು. ಅವಳಿಗೆ ಹದಿನೈದು, ಹದಿನಾರು ಇದ್ದಾಗ ಪ್ರತಿ ಭಾನುವಾರ ಬೆಳಿಗ್ಗೆ ಅವಳನ್ನು ಬಾಗಿಲಲ್ಲಿ ಕೂರಿಸಿ, ಈ ಹೆಬ್ಬೆರಳುಗಳಿಂದ ಒಂದೊಂದೇ ಮೊಡವೆ ಒತ್ತಿ ಕೀವು ತೆಗೆಯುತ್ತಿದ್ದೆ. ತುಕ್ಕು ಹಿಡಿದ ತಗಡಿಗೆ ಬಣ್ಣ ಬಳಿದರೆ ತುಕ್ಕು ಒಳಗೊಳಗೇ ತಿನ್ನುತ್ತದೆ, ಬುಡಸಮೇತ ಕಿತ್ತುಹಾಕಬೇಕು. ನನಗೆ ಗೊತ್ತಿದ್ದದ್ದು ಅದೊಂದೇ ಪಾಠ. ಅವಳು ಅಳುತ್ತಿದ್ದಳು. "ಬಿಡ್ರೀ, ಅದು ಮುಖ ಕಣ್ರೀ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು. "ಒಳಗೆ ಬಿಟ್ಟರೆ ಕೊಳೆಯುತ್ತೆ ಕಣೇ" ಎಂದು ನಾನು ಇನ್ನೂ ಒತ್ತುತ್ತಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನಕ್ಕೆ ನಾನು ಯಜಮಾನ.

ಡಾಕ್ಟರು "ಹಿಂಡಿದ್ದರಿಂದಲೇ ಇಷ್ಟು ಆಳ ಹೋಗಿದೆ" ಎಂದರು. ಮಗಳು ನನ್ನ ಕಡೆ ನೋಡಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಗೋಡೆಯ ಮೇಲಿನ ಚರ್ಮದ ಚಿತ್ರವನ್ನು ನೋಡುತ್ತ ಕೂತೆ. ಬಸ್ ಸ್ಟಾಪಿನಲ್ಲೂ ನಾನು ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಅವತ್ತಿನಿಂದ ಇದನ್ನು ಬೇಗ ಸರಿಮಾಡಬೇಕು, ನಾನೇ ಸರಿಮಾಡಬೇಕು ಎನ್ನುವ ಹುಳ ನನ್ನ ತಲೆ ಹೊಕ್ಕಿತು.

ಮಾತ್ರೆ ಶುರುವಾಯಿತು. ತುಟಿ ಒಡೆದು, ಮೂಗು ಒಣಗಿ, ಮೂರನೆಯ ತಿಂಗಳಿಗೆ ಹೊಸ ಮೊಡವೆ ನಿಂತವು. ನಾನು ನಂಬಿರಲೇ ಇಲ್ಲ. ಆಮೇಲೆ ಡಾಕ್ಟರು ಮೊದಲ ಸಲ ಸೂಜಿ ಬಿಟ್ಟು ನಾರು ಕತ್ತರಿಸಿದರು. ಮಗಳು ಹೊರಗೆ ಬಂದಾಗ ಎರಡೂ ಕೆನ್ನೆ ಊದಿದ್ದವು. ಮರುದಿನ ಬೆಳಿಗ್ಗೆ ನೋಡಿದರೆ ಕಣ್ಣಿನ ಕೆಳಗಿನಿಂದ ದವಡೆಯ ತನಕ ನೀಲಿಗಟ್ಟಿ, ಅಲ್ಲಲ್ಲಿ ಗಂಟು ಗಂಟಾಗಿತ್ತು. ಯಾರೋ ಹಿಡಿದು ಬಾರಿಸಿದ ಹಾಗಿತ್ತು ಮುಖ.

"ಇದು ಹೀಗೇ ಆಗುತ್ತೆ ಅಂತ ಹೇಳಿದ್ರು ಅಪ್ಪ. ಹದಿನೈದು ದಿನದಲ್ಲಿ ಹೋಗುತ್ತೆ" ಎಂದಳು.

"ಗುಳಿ ತೆಗಿ ಅಂದ್ರೆ ಗುದ್ದಿ ಕಳಿಸಿದ್ದಾರಲ್ಲ" ಎಂದೆ.

ನೀಲಿ ಹೋಯಿತು. ಗುಳಿ ಹೋಗಿರಲಿಲ್ಲ. ಈಗ ಯೋಚಿಸಿದರೆ ಕೆಳಗಡೆಯ ಅಲೆಗಳು ತುಸು ತಗ್ಗಿದ್ದವು. ಅವತ್ತು ಶೆಡ್ಡಿನ ಲೈಟು ತಂದು ನೋಡಿದ್ದರೆ ನನ್ನ ಕಣ್ಣಿಗೇ ಕಾಣುತ್ತಿತ್ತು. ಆದರೆ ಇದು ಈ ಡಾಕ್ಟರ ಕೈಯಲ್ಲಿ ಆಗುವುದಿಲ್ಲ ಎಂದು ನಾನು ಆ ಹೊತ್ತಿಗೆ ತೀರ್ಮಾನ ಮಾಡಿಯಾಗಿತ್ತು.

ಅದೇ ವಾರ ಅವಳ ಆಫೀಸಿನಲ್ಲಿ ಒಂದು ವಿಷಯ ಬಂತು. ಹೊಸದಾಗಿ ಸೇರಿದವರಿಗೆ ಮಾತಾಡುವುದನ್ನು ಕಲಿಸುವ ಕೆಲಸ ಖಾಲಿಯಾಗಿತ್ತು, ಅವಳೇ ಆಗಬೇಕು ಎಂದು ಮ್ಯಾನೇಜರು ಹೇಳಿದ್ದರು. ನಲವತ್ತು ಜನರ ಎದುರು ನಿಲ್ಲಬೇಕು, ಕ್ಯಾಮೆರಾ ಇರುತ್ತದೆ, ಬೇರೆ ಕಡೆಯವರು ಪರದೆಯ ಮೇಲೆ ನೋಡುತ್ತಾರೆ. ಇನ್ನೆರಡು ತಿಂಗಳಿಗೆ ಶುರು. ಐದು ವರ್ಷದಿಂದ ಅವಳು ಕಾದಿದ್ದ ಕೆಲಸ ಅದು. ತಟ್ಟೆಯ ಮುಂದೆ ಕೂತು ಅದನ್ನು ಹೇಳುವಾಗ ಅವಳ ಕೈ ಕೆನ್ನೆಯ ಮೇಲಿತ್ತು.

"ಒಪ್ಪಿಕೊಂಡ್ಯಾ?" ಎಂದು ಹೆಂಡತಿ ಕೇಳಿದಳು.

"ಯೋಚನೆ ಮಾಡ್ತೀನಿ ಅಂದಿದ್ದೀನಿ."

ಅವಳು ಬೇಡ ಎನ್ನುತ್ತಾಳೆ ಎಂದು ಮೂವರಿಗೂ ಗೊತ್ತಿತ್ತು.

ಶೆಡ್ಡಿನಲ್ಲಿ ನನ್ನ ಪಾಲುದಾರ ಒಬ್ಬ ಪೇಂಟರು. ನಾನು ಡೆಂಟ್ ತೆಗೆದರೆ ಅವನು ಬಣ್ಣ ಹೊಡೆಯುತ್ತಾನೆ. ಅವನೇ ಆ ಅಂಗಡಿಯ ಸುದ್ದಿ ಹೇಳಿದ್ದು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಮುಖವನ್ನು ಮೆಷಿನ್ನಿನಲ್ಲಿ ಪಾಲಿಶ್ ಮಾಡುತ್ತಾನೆ, ಒಂದೇ ಸಲಕ್ಕೆ ಗುಳಿ ಮಾಯ. ನಾನು ಮಧ್ಯಾಹ್ನವೇ ಹೋಗಿ ನೋಡಿದೆ. ಬಿಳಿ ಕೋಟು ಹಾಕಿದ ನಗುಮುಖದ ಮನುಷ್ಯ. ಮೆಷಿನ್ ತೋರಿಸಿದ. ಪೆನ್ನಿನಂಥ ಹಿಡಿ, ತುದಿಗೆ ವಜ್ರದ ಪುಡಿ ಅಂಟಿಸಿದ ಪುಟಾಣಿ ಚಕ್ರ. ಒತ್ತಿದರೆ ಗಿರ್ರನೆ ತಿರುಗುತ್ತಿತ್ತು.

ಆ ಸದ್ದು ಕೇಳಿ ನನಗೆ ತವರಿಗೆ ಬಂದ ಹಾಗಾಯಿತು. ನಮ್ಮ ಕೆಲಸವೂ ಇದೇ ತಾನೆ? ಗುಳಿಯನ್ನು ಎಷ್ಟು ಮೇಲಕ್ಕೆ ತಂದರೂ ಕೂದಲೆಳೆಯಷ್ಟು ತಗ್ಗು ಉಳಿಯುತ್ತದೆ. ಆಗ ತಗ್ಗನ್ನು ಬಿಟ್ಟು ಸುತ್ತಲಿನ ಎತ್ತರವನ್ನು ಉಜ್ಜಿ ಇಳಿಸುತ್ತೇವೆ. ಎರಡೂ ಒಂದು ಮಟ್ಟಕ್ಕೆ ಬಂದರೆ ಗುಳಿ ಎಲ್ಲಿಂದ ಬರಬೇಕು? ಆ ಡಾಕ್ಟರಮ್ಮನಿಗೆ ಇಷ್ಟು ಸುಲಭದ ಸಂಗತಿ ಹೊಳೆಯಲಿಲ್ಲವಲ್ಲ ಎಂದು ಮೆಟ್ಟಿಲಿಳಿಯುತ್ತ ಮರುಕಪಟ್ಟೆ.

ಮಗಳು ಖಂಡಿತ ಬೇಡ ಎಂದಳು. "ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ ಅಪ್ಪ. ಈ ಮಾತ್ರೆ ತಗೋಳುವಾಗ, ನಿಲ್ಲಿಸಿ ಆರು ತಿಂಗಳ ತನಕ ಮುಖ ಉಜ್ಜಿಸಬಾರದು ಅಂತ. ನಮ್ಮಂಥ ಚರ್ಮ ಉಜ್ಜಿದರೆ ಕಪ್ಪಾಗುತ್ತಂತೆ."

"ಅವರು ಅವರ ಅಂಗಡಿ ನಡೀಲಿ ಅಂತ ಹೇಳ್ತಾರೆ. ಒಂದು ವರ್ಷ ಎಳೆದರೆ ಅವರಿಗೇ ಲಾಭ."

"ಬೆಳ್ಳಗಿರೋದೆಲ್ಲ ಹಾಲಲ್ಲ ರೀ" ಎಂದಳು ಹೆಂಡತಿ. "ಬಿಳಿ ಕೋಟು ನಾಳೆ ನೀವೂ ಹಾಕ್ಕೋಬಹುದು."

ನಾನು ಸುಮ್ಮನಾಗಲಿಲ್ಲ. ನಾಲ್ಕು ದಿನ ಕೊರೆದೆ. ಐದನೆಯ ದಿನ, ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದೆ, "ಮರಿ, ಮೂವತ್ತೆರಡು ವರ್ಷದಲ್ಲಿ ನಾನು ಕೈಹಚ್ಚಿದ ಒಂದು ಬಾಗಿಲಾದರೂ ಹಾಳಾಗಿದ್ದು ನೋಡಿದ್ಯಾ?"

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಶೆಡ್ಡಿನ ಮೂಲೆಯ ಸೀಟಿನಲ್ಲಿ ಕೂತು, ಮುದ್ದೆಯಾಗಿ ಬಂದ ಬಾನೆಟ್ಟು ಸಂಜೆಯೊಳಗೆ ಕನ್ನಡಿಯಾಗುವುದನ್ನು ನೋಡುತ್ತಿದ್ದ ಹುಡುಗಿಯ ಕಣ್ಣೇ ಅದು.

"ಇಲ್ಲ" ಎಂದಳು. ಆಮೇಲೆ, "ಸರಿ ಅಪ್ಪ. ನೀನು ಹೇಳ್ತೀಯಾ ಅಂದ್ರೆ ಸರಿ" ಎಂದಳು.

ಈ ಒಂದು ಮಾತಿಗೆ ನಾನು ಇವತ್ತಿಗೂ ಹೆದರುತ್ತೇನೆ. ಹಟ ಹಿಡಿದು ಜಗಳವಾಡಿ ಒಪ್ಪಿದ್ದರೆ ಅರ್ಧ ಪಾಪ ಅವಳ ಪಾಲಿಗೆ ಹೋಗುತ್ತಿತ್ತು. ಅವಳು ನಂಬಿ ಒಪ್ಪಿದಳು.

ಬಿಳಿ ಕೋಟಿನವನು ಒಂದೇ ಒಂದು ಪ್ರಶ್ನೆ ಕೇಳಿದ. "ಮೊಡವೆಗೆ ಮಾತ್ರೆ ಏನಾದ್ರೂ ತಗೋತಿದ್ದಾರಾ?"

"ನಿಲ್ಸಿ ವರ್ಷ ಆಯ್ತು" ಎಂದೆ ನಾನು. ಡಾಕ್ಟರು ಕೊಟ್ಟಿದ್ದ ಮಾತ್ರೆ ಮುಗಿದು ಒಂಬತ್ತು ದಿನವಷ್ಟೇ ಆಗಿತ್ತು. ಮಗಳು ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಸುಮ್ಮನಿದ್ದು ರೂಢಿ.

ಒಳಗೆ ಮುಕ್ಕಾಲು ಗಂಟೆ ಮೆಷಿನ್ ತಿರುಗಿತು. ಹೊರಗೆ ಬೆಂಚಿನ ಮೇಲೆ ಕೂತ ನಾನು ಸದ್ದಿನಲ್ಲೇ ಕೆಲಸ ಅಳೆಯುತ್ತಿದ್ದೆ. ಚಕ್ರ ಸುಮ್ಮನೆ ತಿರುಗುವಾಗ ಒಂದು ಸದ್ದು, ತಾಗಿದಾಗ ಇನ್ನೊಂದು. ಯಾವಾಗ ಹೆಚ್ಚು ಹೊತ್ತು ಒತ್ತಿದ ಎನ್ನುವುದೂ ತಿಳಿಯುತ್ತಿತ್ತು. ಕೊನೆಗೆ ಒಂದು ಕಡೆ ಅವನು ತುಂಬ ಒತ್ತಿದ. ಎದ್ದು ಹೋಗಿ ನಿಲ್ಲಿಸು ಎನ್ನಬಹುದಿತ್ತು. ಎದ್ದೆ, ಬಾಗಿಲ ತನಕ ಹೋದೆ, ಕೆಲಸದ ನಡುವೆ ಮೂಗು ತೂರಿಸುವ ಗಿರಾಕಿಗಳು ನನಗೂ ಆಗಿಬರುವುದಿಲ್ಲವಲ್ಲ ಎಂದು ವಾಪಸು ಬಂದು ಕೂತೆ.

ಹತ್ತು ದಿನ ಅವಳ ಮುಖ ಮುಖವಾಗಿರಲಿಲ್ಲ. ನೀರು ಸೋರಿ, ಹಕ್ಕಳೆ ಕಟ್ಟಿ, ಊಟ ಮಾಡಲು ಬಾಯಿ ತೆರೆದರೆ ಬಿರುಕು ಬಿಡುತ್ತಿತ್ತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಹನ್ನೊಂದನೆಯ ದಿನ ಹಕ್ಕಳೆ ಉದುರಿತು. ಒಳಗಿನಿಂದ ಗುಲಾಬಿ ಬಣ್ಣದ, ಎಳೆಗೂಸಿನ ಕೆನ್ನೆಯಂಥ ಚರ್ಮ ಬಂತು. ನುಣುಪು! ಒಂದು ಗುಳಿ ಇಲ್ಲ. ಮಗಳು ಕನ್ನಡಿಯ ಮುಂದೆ ನಿಂತು ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು, ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಳು. ಆಮೇಲೆ ಬಂದು ನನ್ನ ಹೆಗಲಿಗೆ ಹಣೆ ಆನಿಸಿ ಅತ್ತಳು. ನಾನು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದೆ. ಮಗಳು ಅವತ್ತೇ ಮ್ಯಾನೇಜರಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದಳು. ನಾನು ಶೆಡ್ಡಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಅದು ಊತ ಎಂದು ನನಗೆ ಗೊತ್ತಾಗಬೇಕಿತ್ತು. ಗುಳಿ ತುಂಬಲು ಹಸಿ ಪುಟ್ಟಿ ಹಚ್ಚಿದ ಹೊತ್ತಿನಲ್ಲಿ ಎಂಥ ಕೆಟ್ಟ ಬಾಗಿಲೂ ಮಟ್ಟವಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ. ಇದನ್ನು ಎಷ್ಟು ಗಿರಾಕಿಗಳಿಗೆ ಹೇಳಿ ಒಂದು ದಿನ ಕಾಯಿಸಿದ್ದೇನೋ ಲೆಕ್ಕವಿಲ್ಲ.

ಮೂರು ವಾರಕ್ಕೆ ಊತ ಇಳಿದು ಗುಳಿಗಳು ಒಂದೊಂದಾಗಿ ಮೇಲೆ ಬಂದವು. ಆಳವಾದವು ಇದ್ದ ಹಾಗೇ ಇದ್ದವು. ನಾಲ್ಕನೆಯ ವಾರ ಗುಲಾಬಿ ಬಣ್ಣ ಕಂದಾಯಿತು, ಐದನೆಯ ವಾರ ಕಪ್ಪಾಯಿತು. ಒಂದೇ ಸಮನಾಗಿ ಕಪ್ಪಾಗಿದ್ದರೂ ಆಗುತ್ತಿತ್ತು. ಅಲ್ಲೊಂದು ತೇಪೆ, ಇಲ್ಲೊಂದು ತೇಪೆ, ನಡುವೆ ಬಿಳಿಚಿದ ಚರ್ಮ. ನಾವು ತಗಡಿನ ತಗ್ಗು ಹುಡುಕಲು ತೆಳುವಾಗಿ ಕಪ್ಪು ಬಣ್ಣ ಸಿಂಪಡಿಸಿ ಉಜ್ಜುತ್ತೇವೆ, ತಗ್ಗಿದ್ದಲ್ಲೆಲ್ಲ ಕಪ್ಪು ಉಳಿದುಬಿಡುತ್ತದೆ. ನನ್ನ ಮಗಳ ಮುಖ ಹಾಗೆ ಕಾಣುತ್ತಿತ್ತು. ಎಡ ದವಡೆಯಲ್ಲಿ, ಅವನು ಹೆಚ್ಚು ಒತ್ತಿದ ಜಾಗದಲ್ಲಿ, ಗಾಯ ಮಾಯುವುದನ್ನು ಬಿಟ್ಟು ಉಬ್ಬತೊಡಗಿತು. ಬೆರಳಿನಷ್ಟು ಉದ್ದದ ಗಟ್ಟಿ ಏಣು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆ ನನ್ನ ಕೈಯಲ್ಲಿತ್ತು.

ನಾನು ಮಾರ್ಕೆಟ್ಟಿನ ಹಿಂದಿನ ಬೀದಿಗೆ ಓಡಿದೆ. "ಮಾತ್ರೆ ನಿಲ್ಸಿ ವರ್ಷ ಆಯ್ತು ಅಂದವರು ನೀವೇ ಅಲ್ವಾ?" ಎಂದ ಬಿಳಿ ಕೋಟಿನವನು. ಅವನ ಮುಖದಲ್ಲಿ ನಗು ಹಾಗೇ ಇತ್ತು. ನಾನು ಮೆಟ್ಟಿಲಿಳಿದು ಬಂದೆ.

ತರಬೇತಿ ಶುರುವಾಗುವ ದಿನ ಅವಳು ಮುಖಕ್ಕೆ ದಪ್ಪಗೆ ಏನೋ ಬಳಿದುಕೊಂಡು ಹೋದಳು. ಅವತ್ತು ಏನಾಯಿತೆಂದು ಅವಳು ಹೇಳಿದ್ದು ಅಮ್ಮನಿಗೆ, ನನಗಲ್ಲ. ಗೋಡೆಯಾಚೆ ಕೂತು ನಾನು ಕೇಳಿಸಿಕೊಂಡೆ. ಕೋಣೆಯ ದೀಪ ಆರಿಸಿ ಪರದೆಯ ಮೇಲೆ ಚಿತ್ರ ಹಾಕಿದರಂತೆ. ಅವಳು ಪರದೆಯ ಪಕ್ಕ ನಿಂತು ಮಾತಾಡಬೇಕಿತ್ತು. ಪಕ್ಕದಿಂದ ಬೀಳುವ ಬೆಳಕು. ಕ್ಯಾಮೆರಾದಲ್ಲಿ ತನ್ನ ಮುಖ ಎದುರಿನ ಗೋಡೆಯ ಟಿವಿಯಲ್ಲಿ ದೊಡ್ಡದಾಗಿ ಕಂಡಿತಂತೆ. ಯಾರೂ ನಗಲಿಲ್ಲವಂತೆ. ಮುಂದಿನ ಸಾಲಿನ ಒಬ್ಬ ಹುಡುಗಿ ಬಹಳ ಮೆತ್ತಗೆ, "ಮೇಡಂ, ಸುಟ್ಟುಕೊಂಡ್ರಾ?" ಎಂದು ಕೇಳಿದಳಂತೆ.

"ಒಳ್ಳೆಯ ಹುಡುಗಿ ಅಮ್ಮ. ಪಾಪ, ಮರುಕದಿಂದ ಕೇಳಿದಳು" ಎಂದಳು ನನ್ನ ಮಗಳು. "ಆಮೇಲೆ ನನಗೆ ದನಿಯೇ ಬರಲಿಲ್ಲ."

ಮಾರನೆಯ ವಾರ ಆ ಕೆಲಸ ಇನ್ನೊಬ್ಬರಿಗೆ ಹೋಯಿತು. ಅವಳು ಮತ್ತೆ ಫೋನಿನ ಮುಂದೆ ಕೂತಳು. ಗಿರಾಕಿಗಳು ಈಗ ಥ್ಯಾಂಕ್ಸ್ ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಯಲ್ಲಂತೂ ಅವಳ ದನಿ ಕೇಳುವುದು ಅಪರೂಪವಾಯಿತು.

ಡಾಕ್ಟರಮ್ಮನ ಹತ್ತಿರ ವಾಪಸು ಹೋಗೋಣ ಎಂದು ಹೆಂಡತಿಯೇ ಎಬ್ಬಿಸಿದಳು. ಮೂವರೂ ಹೋದೆವು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಲೈಟು ಹಿಡಿದು ನೋಡಿ, ಎಡ ದವಡೆಯ ಏಣನ್ನು ಬೆರಳಲ್ಲಿ ಮುಟ್ಟಿ, ನಿಟ್ಟುಸಿರು ಬಿಟ್ಟರು.

"ತಗಡು ಅಂದುಕೊಂಡ್ರಾ ಯಜಮಾನ್ರೇ?" ಎಂದರು. ನನ್ನ ಕಸುಬು ಅವರಿಗೆ ಯಾರು ಹೇಳಿದರೋ. "ತಗಡು ಉಜ್ಜಿದರೆ ಉಜ್ಜಿದಷ್ಟಕ್ಕೇ ನಿಲ್ಲುತ್ತೆ. ಚರ್ಮ ಮತ್ತೆ ಬೆಳೆಯುತ್ತೆ. ಹೇಗೆ ಬೆಳೆಯುತ್ತೆ ಅನ್ನೋದು ನಮ್ಮ ಕೈಲಿಲ್ಲ. ಅದಕ್ಕೇ ನಾವು ಹೆದರಿ ಹೆದರಿ, ಸ್ವಲ್ಪ ಸ್ವಲ್ಪ ಮಾಡೋದು."

ಇನ್ನು ಒಂದು ವರ್ಷ ಗುಳಿಗಳನ್ನು ಮುಟ್ಟುವ ಹಾಗಿಲ್ಲ ಎಂದರು. ಮೊದಲು ಕಪ್ಪು ತಿಳಿಯಾಗಬೇಕು, ಬಿಸಿಲಿಗೆ ಮುಖ ಒಡ್ಡಬಾರದು, ದವಡೆಯ ಉಬ್ಬಿಗೆ ತಿಂಗಳಿಗೊಂದು ಇಂಜೆಕ್ಷನ್. ಹಿಂದಿನ ಸಲ ಹೇಳಿದ್ದ ಅರ್ಧವನ್ನು ಈ ಸಲ ಹೇಳಲಿಲ್ಲ. ಎಷ್ಟು ಕಮ್ಮಿಯಾಗುತ್ತದೆ ಎಂದು ಮಗಳು ಕೇಳಿದ್ದಕ್ಕೆ "ನೋಡೋಣ" ಎಂದರು.

ನನ್ನಿಂದ ತಡೆಯಲಾಗಲಿಲ್ಲ. "ಡಾಕ್ಟ್ರೇ, ಅವತ್ತು ಮೊಡವೆ ಹಿಂಡಿದ್ದು ಇವಳಲ್ಲ. ನಾನು. ಆ ಗುಳಿ ಮಾಡಿದ್ದೂ ನಾನೇ, ಈ ಕಪ್ಪು ಮಾಡಿದ್ದೂ ನಾನೇ" ಎಂದೆ. ಹೇಳುತ್ತ ಹೇಳುತ್ತ ಹೆಣ್ಣುಮಕ್ಕಳ ಎದುರು ಬಿಕ್ಕಿಬಿಕ್ಕಿ ಅತ್ತೆ.

ಡಾಕ್ಟರು ನನ್ನ ಮುಂದೆ ನೀರಿನ ಲೋಟ ಸರಿಸಿದರು. "ಯಾರು ಹಿಂಡಿದ್ರೂ ಚಿಕಿತ್ಸೆ ಅದೇ" ಎಂದರು. ಆಮೇಲೆ ಮಗಳ ಕಡೆ ತಿರುಗಿ ಬಿಸಿಲಿಗೆ ಹಚ್ಚುವ ಕ್ರೀಮನ್ನು ದಿನಕ್ಕೆ ಎಷ್ಟು ಸಲ ಹಚ್ಚಬೇಕೆಂದು ವಿವರಿಸತೊಡಗಿದರು.

ಹೊರಗೆ ಮೆಟ್ಟಿಲ ಮೇಲೆ ಮಗಳು ನನ್ನ ಪಕ್ಕ ನಿಂತಳು. ಸಿಟ್ಟಿರಲಿಲ್ಲ. ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡುವ ದನಿ ಅದು.

"ಅಪ್ಪ, ನಿನ್ನ ಮರ್ಯಾದೆ ಹೋಗಬಾರದು ಅಂತ ನಾನು ಅವತ್ತು ಹಾಗೆ ಹೇಳಿದ್ದೆ. ಇವತ್ತು ನೀನು ಹೇಳಿದ್ಯಲ್ಲ, ಯಾರಿಗೋಸ್ಕರ?"

"ನಿನಗೋಸ್ಕರ ಮರಿ."

"ನನಗೇನು ಬಂತು?" ಎಂದಳು. ನನ್ನ ಉತ್ತರಕ್ಕೆ ಕಾಯದೆ ಕೊಡೆ ಬಿಚ್ಚಿ ಬಿಸಿಲಿಗೆ ಇಳಿದಳು. ಅವಳ ಅಮ್ಮ ಹಿಂದೆಯೇ ಹೋದಳು. ನಾನು ಎರಡು ಹೆಜ್ಜೆ ಹಿಂದೆ ಉಳಿದೆ, ಅವರು ನಿಲ್ಲಲಿಲ್ಲ.

ಆಮೇಲಿನದು ಹೇಳುವಂಥದ್ದೇನಿಲ್ಲ. ಒಂದೇ ಮನೆಯಲ್ಲಿದ್ದೆವು. ಊಟಕ್ಕೆ ಕರೆಯುತ್ತಿದ್ದಳು, ನನ್ನ ಬಿಪಿ ಮಾತ್ರೆ ಮುಗಿದರೆ ತಂದಿಡುತ್ತಿದ್ದಳು. ಆದರೆ ಏನನ್ನೂ ಕೇಳುತ್ತಿರಲಿಲ್ಲ. ಫ್ಯಾನು ಸದ್ದು ಮಾಡಿದರೆ ಹೊರಗಿನವರನ್ನು ಕರೆಸಿ ರಿಪೇರಿ ಮಾಡಿಸಿದಳು. ಹತ್ತಿರದ ಓಡಾಟಕ್ಕೆ ಅವಳು ಇಟ್ಟುಕೊಂಡಿದ್ದ ಸ್ಕೂಟರಿಗೆ ಯಾರೋ ಗುದ್ದಿ ಪಕ್ಕದ ತಗಡು ಒಳಗೆ ಹೋಗಿತ್ತು. ನಾನು ಸುತ್ತಿಗೆ ತೆಗೆದುಕೊಂಡು ಹೋದರೆ, "ಇರಲಿ ಬಿಡು ಅಪ್ಪ, ಓಡುತ್ತಲ್ಲ" ಎಂದಳು. ಆ ಡೆಂಟ್ ಇವತ್ತಿಗೂ ಹಾಗೇ ಇದೆ. ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ನಾನು ಶೆಡ್ಡಿಗೆ ಹೋಗುವುದು.

ಹದಿನಾಲ್ಕು ತಿಂಗಳಾದ ಮೇಲೆ ಕಪ್ಪು ಮುಕ್ಕಾಲು ಪಾಲು ತಿಳಿಯಾಯಿತು. ಡಾಕ್ಟರು ಮತ್ತೆ ಸೂಜಿ ಶುರುಮಾಡುತ್ತಾರಂತೆ ಎಂದು ಹೆಂಡತಿ ಹೇಳಿದಳು. ತಾನು ಜೊತೆಗೆ ಬರುತ್ತೇನೆ ಎಂದದ್ದಕ್ಕೂ ಮಗಳು ಬೇಡ ಎಂದಿದ್ದಳಂತೆ. ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿಕೊಂಡೆ. ಶೆಡ್ಡಿಗೆ ಹೋಗುತ್ತೇನೆಂದು ಹೇಳಿ, ಅವಳಿಗಿಂತ ಒಂದು ಗಂಟೆ ಮುಂಚೆಯೇ ಹೋಗಿ ಆಸ್ಪತ್ರೆಯ ಹೊರಗಿನ ಹಜಾರದಲ್ಲಿ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತೆ. ಸೂಜಿ ಹಾಕಿಸಿಕೊಂಡು ಊದಿದ ಮುಖದಲ್ಲಿ ಅವಳು ಬಸ್ಸಿಗೆ ನಿಲ್ಲಬಾರದು, ಅಷ್ಟೇ ನನಗಿದ್ದದ್ದು. ಆಟೋ ತಂದು ನಿಲ್ಲಿಸಿ ನಾನು ನಡೆದುಕೊಂಡು ಬಂದರೂ ಸರಿ.

ಅವಳು ಹತ್ತೂವರೆಗೆ ಬಂದಳು. ಚೀಟಿ ಮಾಡಿಸಿ ತಿರುಗಿದಾಗ ನನ್ನನ್ನು ನೋಡಿದಳು. ಅಲ್ಲೇ ನಿಂತಳು. ನಾನು ಅರ್ಧ ಎದ್ದೆ. ಏನಾದರೂ ಹೇಳುತ್ತಾಳೆ, ಮನೆಗೆ ಹೋಗು ಎಂದಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಚೀಟಿಯನ್ನು ಎರಡು ಮಡಿಕೆ ಮಡಿಚಿ ಒಳಗೆ ಹೋದಳು.

ಕಾಲು ಗಂಟೆಯ ಮೇಲೆ ನರ್ಸು ಒಂದು ಫಾರಂ ಹಿಡಿದುಕೊಂಡು ಹೊರಗೆ ಬಂದಳು. ಹಜಾರದಲ್ಲಿ ಇದ್ದವನು ನಾನೊಬ್ಬನೇ.

"ಈಗ ಒಳಗೆ ಹೋದ್ರಲ್ಲ, ಅವರ ಕಡೆಯವರು ನೀವಾ? ಮುಗಿದ ಮೇಲೆ ಕರ್ಕೊಂಡು ಹೋಗೋಕೆ ಮನೆಯವರು ಯಾರಾದ್ರೂ ಸೈನ್ ಹಾಕಬೇಕು. ಅವರನ್ನ ಕೇಳಿದ್ರೆ ನನ್ನ ಜೊತೆ ಯಾರೂ ಬಂದಿಲ್ಲ ಅಂತಾರೆ."

ಬಾಗಿಲು ಅರ್ಧ ತೆರೆದಿತ್ತು. ನಾವು ಆಡುವ ಮಾತು ಒಳಗೆ ಕೇಳುತ್ತಿತ್ತು. ನಾನು ಕಾದೆ. ಒಳಗಿನಿಂದ ಯಾವ ದನಿಯೂ ಬರಲಿಲ್ಲ.

"ಅಲ್ಲಮ್ಮ" ಎಂದೆ. "ಅವರು ಯಾರೋ ನನಗೆ ಗೊತ್ತಿಲ್ಲ. ಬಿಸಿಲು ಜಾಸ್ತಿ ಇತ್ತು ಅಂತ ಇಲ್ಲಿ ಕೂತಿದ್ದೆ."

ನರ್ಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎದ್ದು ಹೊರಗೆ ಬಂದೆ.